ದೊಡ್ಡೋನ ಗೂಡಿನಲ್ಲಿ ಸಣ್ಣೋನು

ನಮ್ಮೂರಿನಲ್ಲಿ ಒಂಟಿ ಕೈಗೆ ಏನೂ ಶುರುವಾಗುವುದಿಲ್ಲ. ನಂಬುವವರು ನಂಬಿ, ಬಿಡುವವರು ಬಿಡಿ. ಒಬ್ಬಳೇ ಕಡ್ಡಿ ಗೀರಿದರೆ ಮದ್ದು ಉದುರುತ್ತದೆಯೇ ಹೊರತು ಕಿಡಿ ಹಾರುವುದಿಲ್ಲ. ಒಬ್ಬಳೇ ಹೆಪ್ಪು ಹಾಕಿದ ಹಾಲು ಬೆಳಿಗ್ಗೆಯೂ ಹಾಲಾಗಿಯೇ ಇರುತ್ತದೆ. ಫೋನಿನ ನಂಬರನ್ನು ಒಬ್ಬರು ಅರ್ಧ, ಇನ್ನೊಬ್ಬರು ಅರ್ಧ ಒತ್ತಬೇಕು. ಒಂದೇ ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ ಎಂಬುದು ಬೇರೆ ಊರುಗಳಲ್ಲಿ ಗಾದೆ, ನಮ್ಮಲ್ಲಿ ಅದು ದಿನಬೆಳಗಿನ ಒಲೆ. ಜಗಳ ಆಡಿದವರೂ ಮೋರೆ ಅತ್ತ ತಿರುಗಿಸಿಕೊಂಡಾದರೂ ಒಂದೇ ಕಡ್ಡಿಯನ್ನು ಹಿಡಿಯುತ್ತಾರೆ. ಮನಸ್ಸು ಕೂಡಬೇಕೆಂದೇನೂ ಇಲ್ಲ, ಕೈ ಕೂಡಿದರೆ ಸಾಕು. ಹಾಗಿಲ್ಲದಿದ್ದರೆ ನಾನೂ ಹೊನ್ನಕ್ಕನೂ ಎಂದೋ ಉಪವಾಸ ಸತ್ತಿರುತ್ತಿದ್ದೆವು.

ಹೊನ್ನಕ್ಕ ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ನಾವಿಬ್ಬರೂ ಎಣ್ಣೆ ಸೀಗೆಕಾಯಿ. ನಾನು ಸಾರಿಗೆ ಹುಳಿ ಹೆಚ್ಚು ಹಾಕುತ್ತೇನೆಂದು ಅವಳಿಗೆ ಸಿಟ್ಟು. ಅವಳು ಉಸಿರಾಡುವುದೇ ನನ್ನ ಮೇಲೆ ಹಗೆ ಸಾಧಿಸುವುದಕ್ಕೆ ಎಂದು ನನಗೆ ಅನುಮಾನ. ಆದರೆ ಅಣ್ಣ ತಮ್ಮ ಒಂದೇ ದೋಣಿಯಲ್ಲಿ ಮೀನಿಗೆ ಹೋಗುವವರಾದ್ದರಿಂದ ಊರಿನವರು ನಮ್ಮನ್ನೂ ಒಂದೇ ಕೆಲಸಕ್ಕೆ ಕಟ್ಟಿದರು. ಗುಡ್ಡದ ತುದಿಯ ದೀಪದ ಗೋಪುರ ನಮ್ಮ ಪಾಲಿಗೆ ಬಂತು. ಸಂಜೆ ಹತ್ತಿ ಹೋಗಿ ದೀಪ ಶುರು ಮಾಡಬೇಕು, ಬೆಳಿಗ್ಗೆ ಹೋಗಿ ಆರಿಸಬೇಕು. ಆರಿಸುವುದಕ್ಕೆ ಒಂದು ಕೈ ಸಾಕು. ನಿಲ್ಲಿಸುವ ಕೆಲಸ ನಮ್ಮೂರಿನಲ್ಲಿ ಯಾವಾಗಲೂ ಸುಲಭ.

ಮೊದಲು ಅದು ಎಣ್ಣೆಯ ದೀಪವಾಗಿತ್ತಂತೆ. ನಾವು ಮದುವೆಯಾಗಿ ಬರುವಷ್ಟರಲ್ಲಿ ಕಂಪ್ಯೂಟರ್ ಬಂದಿತ್ತು. ದೀಪ ಉರಿಸುವುದು, ತಿರುಗಿಸುವುದು, ಹೊಳೆ ಕಡಲು ಸೇರುವ ಅಳಿವೆಯ ಬಾಯಿಗೆ ಸರಿಯಾಗಿ ಬೆಳಕು ಬೀಳಿಸುವುದು ಎಲ್ಲ ಅದರದೇ ಕೆಲಸ. ಅದು ಕೆಟ್ಟು ಹೊಸದನ್ನು ತರಿಸುವಾಗ ಹಿರಿಯರು ಒಂದೇ ಮಾತು ಹೇಳಿದರು: ಒಂಟಿ ಪ್ರೊಸೆಸರಿನದು ಬೇಡವೇ ಬೇಡ, ಎರಡು ಇರುವುದನ್ನೇ ಕೊಡಿ. ಪ್ರೊಸೆಸರ್ ಎಂದರೆ ಕಂಪ್ಯೂಟರಿನ ಮಿದುಳು ಎಂದು ಜೋಡಿಸಲು ಬಂದ ಫ್ರಾನ್ಸಿಸ್ ನಮಗೆ ತೋರಿಸಿಕೊಟ್ಟ. ಅವನು ಹೊರ ಊರಿನವನು, ಮಾತಿನಲ್ಲಿ ಸ್ವಲ್ಪ ಸಡಿಲ. "ಒಂದು ದೀಪ ತಿರುಗ್ಸೋಕೆ ಎರಡು ಮಿದುಳು ಯಾಕಮ್ಮಾ, ಒಂದು ಸಾಲ್ದಾ?" ಎಂದು ನಕ್ಕ. ಹೊನ್ನಕ್ಕ ತಟ್ಟನೆ, "ನಿಂಗೆ ನಡಿಯೋಕೆ ಒಂದು ಕಾಲು ಸಾಲ್ದಾ?" ಎಂದಳು.

ಡಬ್ಬಿಯ ಒಳಗೆ ದೊಡ್ಡ ಹಸಿರು ಬೋರ್ಡು, ಅದರ ಮೇಲೆ ಎರಡು ಗೂಡು, ಒಂದೊಂದು ಗೂಡಿನಲ್ಲಿ ಒಂದೊಂದು ಪ್ರೊಸೆಸರ್, ತಲೆಯ ಮೇಲೊಂದು ಫ್ಯಾನು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿಲ್ಲ. ಮೊದಲನೇ ಗೂಡಿನದನ್ನು ದೊಡ್ಡೋನು ಎಂದೆವು, ಎರಡನೇ ಗೂಡಿನದನ್ನು ಸಣ್ಣೋನು ಎಂದೆವು. ಶುರುವಿಗೆ ಅದು ತಮಾಷೆ. ಆಮೇಲಾಮೇಲೆ ಧೂಳು ಒರೆಸುವಾಗ ದೊಡ್ಡೋನ ಫ್ಯಾನಿಗೆ ಹೊನ್ನಕ್ಕ ನನ್ನ ಕೈ ತಾಗಗೊಡುತ್ತಿರಲಿಲ್ಲ. ನಾನೇನು ಕಡಿಮೆ, ಸಣ್ಣೋನ ಹತ್ತಿರ ಅವಳ ನೆರಳು ಬಿದ್ದರೂ ಮೂಗು ಮುರಿಯುತ್ತಿದ್ದೆ.

ಇನ್ನೊಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ಹುಚ್ಚಾಟವಾಗಿ ಕಂಡೀತು. ನಮ್ಮೂರಿನ ಬಾಗಿಲುಗಳೆಲ್ಲ ಎರಡು ಕದದವು. ಮನೆಯ ಗಂಡಸು ಕಡಲ ಪಾಲಾದರೆ ಒಂದು ಕದ ಕಳಚಿ ಅಟ್ಟಕ್ಕೆ ಹಾಕುತ್ತಾರೆ. ಜೋಡಿಯಲ್ಲಿ ಒಂದನ್ನು ಕೀಳುವುದು ಆ ಒಂದು ಹೊತ್ತಿನಲ್ಲಿ ಮಾತ್ರ. ಬಾಕಿ ಹೊತ್ತು ಬಳೆಯಲ್ಲಿ ಒಂದು ಒಡೆದರೂ ಇನ್ನೊಂದು ತಂದು ಏರಿಸುವವರೆಗೆ ನಮಗೆ ಸಮಾಧಾನವಿಲ್ಲ.

ಆ ದಿನ ಬಂಗುಡೆ ಮೀನು ಎದ್ದಿದೆಯೆಂದು ಊರಿನ ದೋಣಿಗಳೆಲ್ಲ ದೂರ ಹೋಗಿದ್ದವು. ಮಧ್ಯಾಹ್ನ ಕಳೆದ ಮೇಲೆ ಪಡುವಣದಲ್ಲಿ ಮಬ್ಬು ಕಟ್ಟಿ ಗಾಳಿ ತಿರುಗಿತು. ಇಂಥ ದಿನ ಅಳಿವೆಯ ಬಾಯಿಯಲ್ಲಿ ಎರಡೂ ಕಡೆಯ ಬಂಡೆಗಳು ನೀರಿನೊಳಗೆ ಮುಳುಗಿಕೊಂಡಿರುತ್ತವೆ. ಗೋಪುರದ ದೀಪವನ್ನು ನೋಡಿಕೊಂಡು ನಡುವಿನ ದಾರಿ ಹಿಡಿಯಬೇಕು. ಹಿಂದೊಮ್ಮೆ ದೀಪ ಹತ್ತದ ಒಂದು ಸಂಜೆ ಬಂದಿತ್ತಂತೆ. ಕೆಳಗಿನ ಕೇರಿಯಲ್ಲಿ ಸಾಲಾಗಿ ಒಂಟಿ ಕದದ ಮನೆಗಳಿವೆ, ಎಲ್ಲ ಆ ಸಂಜೆಯವು. ಅಲ್ಲಿ ಗಾಳಿ ಬೀಸಿದರೆ ಅಡುಗೆಮನೆಯ ಬೂದಿ ಬೀದಿಗೆ ಬರುತ್ತದೆ.

ನಾವು ಬೇಗನೆ ಹತ್ತಿ ಹೋದೆವು. ನಾನು ಕಂಪ್ಯೂಟರಿನ ಗುಂಡಿಯ ಮೇಲೆ ಬೆರಳಿಟ್ಟೆ, ಹೊನ್ನಕ್ಕ ನನ್ನ ಬೆರಳಿನ ಮೇಲೆ ತನ್ನದಿಟ್ಟಳು. ಒತ್ತಿದೆವು. ಎರಡೂ ಫ್ಯಾನು ಗಿರ್ರೆಂದು ತಿರುಗಿದವು, ನಿಂತವು. ಪರದೆ ಕಪ್ಪಗೆ ಹಾಗೇ ಇತ್ತು.

"ಸರಿಯಾಗಿ ಒತ್ತೇ. ಬೆಳಿಗ್ಗೆಯಿಂದ ಏನೂ ತಿಂದಿಲ್ವಾ?" ಎಂದಳು ಹೊನ್ನಕ್ಕ.

ಮತ್ತೆ ಒತ್ತಿದೆವು. ಗಿರ್ರೆಂದು ತಿರುಗಿ ನಿಂತವು. ಇನ್ನೊಮ್ಮೆ ಒತ್ತಿದಾಗಲೂ ಅಷ್ಟೇ. ಹೊನ್ನಕ್ಕನ ಮುಖ ನೋಡಿದೆ, ಅಲ್ಲಿ ರಕ್ತವಿರಲಿಲ್ಲ.

ಗೊತ್ತಿದ್ದಷ್ಟು ಮಾಡಿದೆವು. ಗೋಡೆಯ ವೈರು ಕಿತ್ತು ಮತ್ತೆ ಚುಚ್ಚಿದೆವು. ಡಬ್ಬಿ ಬಿಚ್ಚಿ, ಬೋರ್ಡಿಗೆ ಹೋಗುವ ವೈರುಗಳನ್ನು ಒತ್ತಿ ನೋಡಿದೆವು. ದೊಡ್ಡೋನಿಗೆ ಒಂದು, ಸಣ್ಣೋನಿಗೆ ಒಂದು ಕರೆಂಟಿನ ವೈರು. ಎರಡೂ ಗಟ್ಟಿಯಾಗಿಯೇ ಇದ್ದವು. ಒಳಗೆ ಉಪ್ಪುಗಾಳಿಯ ಧೂಳು ಕೂತಿತ್ತು, ಬ್ರಷ್ಷಿನಲ್ಲಿ ತೆಗೆದೆವು. ಒತ್ತಿದೆವು, ಗಿರ್ರೆಂದು ತಿರುಗಿ ನಿಂತವು. ಕಿಟಕಿಯಾಚೆ ಕಡಲು ಸೀಸದ ಬಣ್ಣಕ್ಕೆ ತಿರುಗುತ್ತಿತ್ತು.

ಫ್ರಾನ್ಸಿಸ್‌ಗೆ ಫೋನು ಮಾಡಿದೆವು. ನಾನು ಅರ್ಧ ಒತ್ತಿದೆ, ಅವಳು ಅರ್ಧ ಒತ್ತಿದಳು, ಗಡಿಬಿಡಿಯಲ್ಲಿ ಎರಡು ಸಲ ತಪ್ಪಿತು. ಸಿಕ್ಕಾಗ ಅವನು ಎಲ್ಲೋ ಸಂತೆಯ ಗದ್ದಲದಲ್ಲಿದ್ದ.

"ಫ್ಯಾನ್ ತಿರುಗಿ ನಿಲ್ತಾ? ಹಾಗಾದ್ರೆ ಕರೆಂಟ್ ಬರ್ತಾ ಇದೆ, ಹೆದರ್ಬೇಡಿ. ಮೆಮೊರಿ ಪಟ್ಟಿ ಕಿತ್ತು ಮತ್ತೆ ಕೂರ್ಸಿ."

ಉದ್ದುದ್ದನೆಯ ಪಟ್ಟಿಗಳು, ಆ ಕಡೆ ಎರಡು, ಈ ಕಡೆ ಎರಡು. ಕಿತ್ತು, ಸೆರಗಿನಿಂದ ಒರೆಸಿ, ಟಕ್ಕೆನ್ನುವವರೆಗೆ ಕೂರಿಸಿದೆವು. ಏನೂ ಆಗಲಿಲ್ಲ.

"ಹಾಗಾದ್ರೆ ಎರಡು ಪ್ರೊಸೆಸರಲ್ಲಿ ಒಂದು ಹೋಗಿದೆ ಕಣಮ್ಮಾ," ಎಂದ ಫ್ರಾನ್ಸಿಸ್.

"ಬಿಡ್ತು ಅನ್ನೋ!" ಎಂದು ಹೊನ್ನಕ್ಕ ಫೋನಿಗೇ ಕಿರುಚಿದಳು. "ಮುಚ್ಚಂಜೆ ಹೊತ್ತಲ್ಲಿ ಎಂಥ ಮಾತಾಡ್ತೀಯೋ! ಬಿಡ್ತು ಅನ್ನು!"

ಅವನಿಗೆ ಅರ್ಥವಾಗಲಿಲ್ಲ, ಆದರೂ ಪಾಪ, ಬಿಡ್ತು ಎಂದ. ಆಮೇಲೆ ನಿಧಾನವಾಗಿ ಹೇಳಿದ. ಕೆಟ್ಟದ್ದು ಜೊತೆಯಲ್ಲಿದ್ದರೆ ಒಳ್ಳೆಯದೂ ಏಳುವುದಿಲ್ಲ. ಒಂದನ್ನು ಹೊರಗೆ ತೆಗೆದು ಒಂದರಲ್ಲೇ ಶುರು ಮಾಡಿ ನೋಡಬೇಕು. ಅದು ಏಳದಿದ್ದರೆ ಅದನ್ನು ತೆಗೆದು ಇನ್ನೊಂದನ್ನು ಇಟ್ಟು ನೋಡಬೇಕು. "ಒಂದು ನೆನಪಿಡಿ. ಒಂದೇ ಇಡೋದಾದ್ರೆ ಮೊದಲನೇ ಗೂಡಲ್ಲೇ ಇಡ್ಬೇಕು. ಎರಡನೇ ಗೂಡಲ್ಲಿ ಒಂದೇ ಇಟ್ರೆ ಬೋರ್ಡ್ ಕಣ್ಣೇ ಬಿಡಲ್ಲ. ಒಂದರಲ್ಲಿ ನಿಮ್ ದೀಪ ಆರಾಮಾಗಿ ತಿರುಗುತ್ತೆ ಕಣಮ್ಮಾ..." ಅಷ್ಟರಲ್ಲಿ ಲೈನು ಕಡಿದುಹೋಯಿತು.

ಹೊನ್ನಕ್ಕ ಗೋಡೆಗೆ ಒರಗಿ ಕೂತುಬಿಟ್ಟಳು. "ಅವ್ನು ಹೊರಗಿನೋನು. ಅವ್ನಿಗೇನು ಗೊತ್ತು? ಅವರಿಬ್ರೂ ನೀರ ಮೇಲಿರೋವಾಗ ಜೋಡೀಲಿ ಒಂದನ್ನ ಕೀಳೋದಾ? ನಮ್ ಕೈಯಾರೆ?"

"ಕೀಳದೆ ಇದ್ರೆ ದೀಪ ಇಲ್ಲ ಅಕ್ಕ."

"ಒಂಟೀದು ಈ ಊರಲ್ಲಿ ಯಾವತ್ತು ಶುರು ಆಗಿದೆ ಹೇಳು?"

ನಿಜ ಹೇಳಬೇಕೆಂದರೆ ಒಂಟಿ ಪ್ರೊಸೆಸರನ್ನು ಊರಿನಲ್ಲಿ ಯಾರೂ ಪರೀಕ್ಷೆ ಮಾಡಿ ನೋಡಿಯೇ ಇರಲಿಲ್ಲ. ಹಿರಿಯರು ಬೇಡ ಎಂದರು, ನಾವು ತಲೆಯಾಡಿಸಿದೆವು, ಮುಗಿಯಿತು. ಹೊರಗೆ ಆಗಲೇ ಹೆಂಗಸರು ಗೋಪುರದ ಬುಡದಲ್ಲಿ ಸೇರುತ್ತಿದ್ದರು. ಎಲ್ಲರ ಗಂಡಂದಿರೂ ಹೊರಗಿದ್ದರು. ಕುಪ್ಪಮ್ಮ ಎಂಬವಳ ಗಂಡ, ಇಬ್ಬರು ಗಂಡುಮಕ್ಕಳು ಮೂವರೂ ಹೋಗಿದ್ದರು. ಅವಳ ಗಂಟಲು ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು: "ಏನ್ರೇ, ಮೇಲೆ ಹೋಗಿ ಹೇನು ಹೆಕ್ಕುತಾ ಕೂತ್ರಾ? ದೀಪ ಹಚ್ರೇ! ಬಂಡೆ ಕಾಣ್ತಾ ಇಲ್ಲ!" ದಂಡೆಯಲ್ಲಿ ಕೆಲವರು ಸೋಗೆ ರಾಶಿ ಹಾಕಿ ಬೆಂಕಿ ಮಾಡುತ್ತಿದ್ದರು. ಆ ಬೆಂಕಿ ಅಳಿವೆಯ ಆಚೆಗೆ ಕಾಣುವುದಿಲ್ಲವೆಂದು ಹಾಕುವವರಿಗೂ ಗೊತ್ತಿತ್ತು. ಕೈ ಸುಮ್ಮನಿರಬೇಕಲ್ಲ.

"ಮೊದ್ಲು ನನ್ನೋನನ್ನ ತೆಗೀತೀನಿ," ಎಂದೆ. ಎರಡನೇ ಗೂಡಿನದು ಹೇಗೂ ಮೊದಲು ಹೊರಬರಬೇಕಾದದ್ದು. ಲೆಕ್ಕವೇನೋ ಸರಿ. ಕೈಗೆ ಆ ಲೆಕ್ಕ ತಿಳಿಯಬೇಕಲ್ಲ! ಫ್ಯಾನು ಬಿಚ್ಚುವಾಗ ತಿರುಪು ಕೈಜಾರಿ ಬಿತ್ತು, ನೆಲ ತಡಕಿದೆ. ಗೂಡಿನ ಪಕ್ಕದ ಸಣ್ಣ ಸರಳನ್ನು ಎತ್ತಿ ಅಂಚು ಹಿಡಿದು ತೆಗೆದಾಗ ಅದು ಇಷ್ಟೇ ಇಷ್ಟು, ಬಿಸ್ಕತ್ತಿನಷ್ಟು, ಬೆನ್ನಿಗೆ ಬಿಸಿ ಎಳೆಯುವ ಬಿಳಿ ಅಂಟು ಮೆತ್ತಿಕೊಂಡಿತ್ತು. ಕಣ್ಣು ಮಂಜಾಯಿತು. ನನ್ನ ಗಂಡ ಬೆಳಿಗ್ಗೆ ಹೊರಡುವಾಗ ತನ್ನ ತಲೆಗೆ ಕಟ್ಟುವ ಕೆಂಪು ಬಟ್ಟೆ ಒಣಗಿಲ್ಲವೆಂದು ಕೂಗಾಡಿದ್ದ, ನಾನೂ ತಿರುಗಿ ಕೂಗಾಡಿದ್ದೆ, ಒದ್ದೆಯದನ್ನೇ ಕಟ್ಟಿಕೊಂಡು ಹೋಗಿದ್ದ. ಹೊನ್ನಕ್ಕ ಒಂದು ಒಗೆದ ಬಟ್ಟೆ ಚಾಚಿದಳು. ಅದರಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡೆ. ಸಣ್ಣೋನ ಕಡೆಯ ಮೆಮೊರಿ ಪಟ್ಟಿಗಳನ್ನೂ ತೆಗೆದೆವು.

ದೊಡ್ಡೋನು ಒಬ್ಬನೇ ಉಳಿದ. ಬೆರಳ ಮೇಲೆ ಬೆರಳಿಟ್ಟು ಒತ್ತಿದೆವು. ಫ್ಯಾನು ಗಿರ್ರೆಂದು ನಿಂತಿತು. ಮತ್ತೆ ಒತ್ತಿದರೂ ಅಷ್ಟೇ.

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಕೆಟ್ಟಿರುವುದು ದೊಡ್ಡೋನು.

"ಅಕ್ಕ," ಎಂದೆ.

"ಸುಮ್ನಿರು."

"ಅಕ್ಕ, ಹೊತ್ತಿಲ್ಲ."

ಅವಳು ಡಬ್ಬಿಗೆ ಅಡ್ಡ ನಿಂತಳು. "ನನ್ನೋನನ್ನ ಎಬ್ಬಿಸಿ, ಅವನ ಮಣೆ ಮೇಲೆ ನಿನ್ನೋನನ್ನ ಕೂರಿಸ್ತೀಯಾ? ಅಣ್ಣನ ಜಾಗದಲ್ಲಿ ತಮ್ಮನ್ನ? ಅವ್ರು ಅಲ್ಲಿ ನೀರ ಮೇಲೆ, ನಾವಿಲ್ಲಿ ಹೀಗೆ... ಬ್ಯಾಡ ಕಣೇ. ನನ್ನ ಕೈಲಾಗಲ್ಲ. ನಿನ್ನೋನನ್ನ ತೆಗೆದ್ರೂ ಮತ್ತೆ ಒಳಗೆ ಹಾಕ್ಬಹುದು. ನನ್ನೋನನ್ನ ತೆಗೆದ್ರೆ ಹೊರಗೇ ಉಳೀಬೇಕು."

ಅದು ನಿಜವಾಗಿತ್ತು. ಆದರೂ ಸಿಟ್ಟು ಬಂತು. ಭಯ ಹೆಚ್ಚಾದರೆ ನನಗೆ ಸಿಟ್ಟೇ ಬರುವುದು. "ಇದು ತಗಡು ಅಕ್ಕ! ತಗಡು! ಭಾವ ಅಲ್ಲಿದ್ದಾನೆ, ಇದರೊಳಗಿಲ್ಲ. ಕುಪ್ಪಮ್ಮನ ಕೂಗು ಕೇಳ್ತಾ ಇಲ್ವಾ? ಅವಳ ಮನೆಯವ್ರು ಮೂವರಿದ್ದಾರೆ ಅಲ್ಲಿ!"

"ತಗಡಾದ್ರೆ ನಿನ್ನ ಮಡಿಲಲ್ಲಿ ಯಾಕೆ ಬಟ್ಟೆ ಸುತ್ತಿ ಇಟ್ಕೊಂಡಿದ್ದೀಯ?" ಎಂದಳು ಹೊನ್ನಕ್ಕ.

ನನಗೆ ಅಳು ಬಂತು. ಅವಳನ್ನು ತಳ್ಳಿ ನಾನೇ ತೆಗೆಯಬಹುದಿತ್ತು. ಆದರೆ ಅವಳ ಕೈ ಕೂಡದೆ ಗುಂಡಿ ಒತ್ತುವುದು ಹೇಗೆ? ಕೆಳಗಿನವರಲ್ಲಿ ಒಬ್ಬಳನ್ನು ಕರೆದರೆ ಗೂಡಿನಲ್ಲಿ ಒಂಟಿ ಪ್ರೊಸೆಸರನ್ನು ನೋಡಿ ಅವಳೂ ಹೀಗೇ ಅಡ್ಡ ನಿಲ್ಲುವವಳೇ. ನಾನು ಹೊನ್ನಕ್ಕನ ಕಾಲ ಹತ್ತಿರ ಕೂತೆ. ಕಡಲಿನ ಕಡೆಯ ಕಿಟಕಿಯಲ್ಲಿ ಬಂಡೆಯೂ ನೀರೂ ಒಂದೇ ಬಣ್ಣವಾಗಿತ್ತು. "ಹತ್ತದೆ ಇದ್ರೆ ಇಬ್ರೂ ಬರಲ್ಲ ಅಕ್ಕ," ಎಂದಷ್ಟೇ ಹೇಳಿದೆ.

ಅವಳು ನನ್ನ ಕೈಯಿಂದ ತಿರುಪುಳಿ ಕಿತ್ತುಕೊಂಡಳು. "ಸರೀ. ನನ್ನೋನನ್ನ ನಾನೇ ತೆಗೀತೀನಿ. ನಿನ್ನ ಕೈ ಬ್ಯಾಡ."

ತೆಗೆದಳು. ಅಷ್ಟು ಹೊತ್ತು ಬಡಬಡಿಸಿದವಳು ಒಂದು ತಿರುಪನ್ನೂ ಬೀಳಿಸಲಿಲ್ಲ. ತೆಗೆದದ್ದನ್ನು ಕುಪ್ಪಸದೊಳಗೆ ಇಟ್ಟುಕೊಂಡಳು. ನಾನು ಸಣ್ಣೋನನ್ನು ಮೊದಲನೇ ಗೂಡಿನಲ್ಲಿ ಕೂರಿಸಿದೆ, ಡ್ರಾಯರಿನಲ್ಲಿದ್ದ ಬಿಳಿ ಅಂಟು ಹಚ್ಚಿದೆ, ಫ್ಯಾನು ಬಿಗಿದೆ. ಬೆರಳಿಟ್ಟೆ. ಅವಳು ಮುಖ ಗೋಡೆಗೆ ತಿರುಗಿಸಿ ಬೆರಳಿಟ್ಟಳು. ಒತ್ತಿದೆವು.

ಫ್ಯಾನು ತಿರುಗಿತು, ತಿರುಗುತ್ತಲೇ ಇತ್ತು. ಪೀಂ ಎಂದು ಒಂದು ಸದ್ದು. ಪರದೆಯ ಮೇಲೆ ಅಕ್ಷರಗಳು ಓಡಿದವು. ತಲೆಯ ಮೇಲೆ ಧಡಕ್ಕೆಂದು ದೀಪ ಹತ್ತಿ ತಿರುಗತೊಡಗಿತು. ಕೆಳಗೆ ಹೆಂಗಸರು ಹೋ ಎಂದು ಕೂಗಿದರು, ಕುಪ್ಪಮ್ಮ ಬೈಯುತ್ತಲೇ ಅಳತೊಡಗಿದಳು. ನಮ್ಮಿಬ್ಬರಿಗೆ ಮಾತ್ರ ಉಸಿರು ಬಿಡಲು ಧೈರ್ಯವಾಗಲಿಲ್ಲ. ಹತ್ತಬಾರದ ಒಂಟಿ ಹತ್ತಿತ್ತು. ಅದಕ್ಕೆ ಬದಲು ಏನು ಹೋಗುತ್ತದೋ!

ಹೊರಗಿನ ಕಂಬಿಯ ಕಟಾಂಜನದ ಹತ್ತಿರ ನಿಂತೆವು. ಮಬ್ಬಿನೊಳಗಿಂದ ಒಂದೊಂದೇ ದೋಣಿ ಬೆಳಕಿನ ದಾರಿಗೆ ಬಂತು. ಕುಪ್ಪಮ್ಮನ ಮನೆಯವರು ಮೂವರೂ ಬಂದರು. ಬಾಕಿಯವರೂ ಬಂದರು. ಬಂದವರನ್ನು ಕರೆದುಕೊಂಡು ಹೆಂಗಸರು ಮನೆಯ ದಾರಿ ಹಿಡಿದರು. ನಮ್ಮ ದೋಣಿ ಎಲ್ಲರಿಗಿಂತ ಹಿಂದೆ ಕಾಣಿಸಿತು. ಅದರಲ್ಲಿ ಒಬ್ಬನೇ ನಿಂತಿದ್ದ.

ಅಣ್ಣ ತಮ್ಮ ಇಬ್ಬರದೂ ಒಂದೇ ಮೈಕಟ್ಟು, ಇಬ್ಬರ ತಲೆಯಲ್ಲೂ ಕೆಂಪು ಬಟ್ಟೆ. ಆ ದೂರದಲ್ಲಿ ಯಾರೆಂದು ಹೇಳುವ ಹಾಗಿರಲಿಲ್ಲ. ಹೊನ್ನಕ್ಕ ಕಟಾಂಜನವನ್ನು ಹಿಡಿದುಕೊಂಡಳು, ನಾನೂ ಹಿಡಿದುಕೊಂಡೆ. ನನ್ನೋನಾಗಿರಲಿ ಎಂದು ನನ್ನ ತುಟಿ ತಾನಾಗಿಯೇ ಅಲುಗುತ್ತಿತ್ತು. ಪಕ್ಕಕ್ಕೆ ನೋಡಿದರೆ ಅವಳದೂ ಅಲುಗುತ್ತಿತ್ತು. ಅವಳು ಏನು ಬೇಡಿಕೊಳ್ಳುತ್ತಿದ್ದಾಳೆಂದು ನನಗೆ ಗೊತ್ತಿತ್ತು. ನಾನೇನು ಬೇಡುತ್ತಿದ್ದೇನೆಂದು ಅವಳಿಗೂ ಗೊತ್ತಾಯಿತು. ನೋಟ ಕೂಡಿದೊಡನೆ ಇಬ್ಬರೂ ಮುಖ ತಿರುಗಿಸಿದೆವು. ಆ ನೋಟ ಯಾರಿಗೂ ಬೇಡ, ನನ್ನ ಹಗೆಗೂ ಬೇಡ.

ದೋಣಿ ಬಂಡೆ ದಾಟಿತು. ಆಗ ತಳದಲ್ಲಿ ಬಗ್ಗಿ ನೀರು ಮೊಗೆಯುತ್ತಿದ್ದ ಇನ್ನೊಬ್ಬ ಎದ್ದು ನಿಂತು, ಸೊಂಟಕ್ಕೆ ಕೈ ಕೊಟ್ಟು ಹಿಂದಕ್ಕೆ ಬಾಗಿ ಮೈ ಮುರಿದ. ಹೊನ್ನಕ್ಕ ನನಗೆ ಕಾಯದೆ ಮೆಟ್ಟಿಲಿಳಿದು ಹೋದಳು.

ಮನೆಗೆ ಬಂದ ಮೇಲೂ ಅವಳು ನನ್ನ ಜೊತೆ ಮಾತಾಡಲಿಲ್ಲ. ರಾತ್ರಿ ಹೆಪ್ಪಿಗೆ ಕೈ ಜೋಡಿಸಿದಳು, ಬೆಳಿಗ್ಗೆ ಒಲೆಗೆ ಜೋಡಿಸಿದಳು, ಬಾಯಿ ಮಾತ್ರ ಹೊಲಿದಂತಿತ್ತು. ನಮ್ಮ ಜಗಳ ನೋಡಿ ರೂಢಿಯಿದ್ದ ಗಂಡಸರಿಗೆ ಆ ಮೌನವೇ ದಿಗಿಲಾಯಿತು. "ಏನಾಯ್ತೇ ನಿಮಗೆ, ಬೈದಾಡ್ರೇ," ಎಂದ ನನ್ನ ಗಂಡ. ಫ್ರಾನ್ಸಿಸ್ ಫೋನು ಮಾಡಿ ವಿಷಯ ಕೇಳಿಕೊಂಡು, ಹೊಸ ಪ್ರೊಸೆಸರ್ ಬರಲು ವಾರ ಹಿಡಿಯುತ್ತದೆ, ಅಲ್ಲಿಯವರೆಗೆ ಒಂದರಲ್ಲೇ ನಡೆಸಿ ಎಂದ. ದೀಪ ಒಂಟಿಯಲ್ಲಿ ನಡೆಯುತ್ತಿದೆಯೆಂದು ಯಾರಿಗೂ ಹೇಳಲಿಲ್ಲ ನಾವು. ಹೇಳಿದ್ದರೆ ಊರು ದೋಣಿಯನ್ನೇ ಇಳಿಸುತ್ತಿರಲಿಲ್ಲ.

ಸಂಜೆ ನಾನು ದಂಡೆಯಲ್ಲಿ ಬಲೆ ಒಣಹಾಕುತ್ತಿದ್ದೆ. ದೀಪ ಹಚ್ಚಲು ಹೊತ್ತು ಇನ್ನೂ ಸಾಕಷ್ಟಿತ್ತು. ತಲೆಯೆತ್ತಿದರೆ ಗೋಪುರದ ಮೇಲೆ ದೀಪ ತಿರುಗುತ್ತಿದೆ! ಬಲೆ ಅಲ್ಲೇ ಬಿಸಾಡಿ ಓಡಿದೆ. ಯಾರ ಕೈ ಜೋಡಿಸಿಕೊಂಡಳು? ನನ್ನನ್ನು ಬಿಟ್ಟು ಯಾರನ್ನು ಕರೆದಳು? ಮೆಟ್ಟಿಲು ಹತ್ತುವಷ್ಟರಲ್ಲಿ ಸಿಟ್ಟಿಗೂ ದುಃಖಕ್ಕೂ ಏದುಸಿರಿಗೂ ವ್ಯತ್ಯಾಸ ತಿಳಿಯದಂತಾಗಿತ್ತು.

ಒಳಗೆ ಹೊನ್ನಕ್ಕ ಒಬ್ಬಳೇ ಸ್ಟೂಲಿನ ಮೇಲೆ ಕೂತಿದ್ದಳು.

"ಯಾರ್ನ ಕರ್ಕೊಂಡ್ ಬಂದಿದ್ದೆ?"

"ಯಾರ್ನೂ ಇಲ್ಲ." ತನ್ನ ಬೆರಳನ್ನು ತಾನೇ ನೋಡಿಕೊಂಡಳು. "ಒಂದೇ ಕೈಗೆ ಹತ್ತಿತು. ಇಲ್ಲೇ ಕಡ್ಡೀನೂ ಗೀರಿ ನೋಡ್ದೆ, ಅದು ಹತ್ತಲಿಲ್ಲ. ಇದು ಒಂಟಿಯಾಗಿದೆಯಲ್ಲ, ಇದಕ್ಕೆ ಒಂಟಿ ಕೈಯೇ ಸಾಕು ಅಂತ ಕಾಣುತ್ತೆ."

ನಾನು ನೆಲದ ಮೇಲೆ ಕೂತೆ. ಹಾಗಾದರೆ ಇಲ್ಲಿಗೆ ನಾನು ಬರಬೇಕಾದ್ದೇ ಇಲ್ಲ. ಅವಳಿಗೂ ಅದೇ ಬೇಕಿತ್ತೇನೋ, ನನ್ನ ಬೆರಳು ಮುಟ್ಟದೆ ದೀಪ ಹಚ್ಚುವುದು.

"ನಿನ್ನೆ ದೋಣೀಲಿ ಒಬ್ಬನೇ ಕಂಡಾಗ ನೀನೇನು ಬೇಡ್ಕೊಂಡೆ?" ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. "ನೀನು ಬೇಡ್ಕೊಂಡಿದ್ದನ್ನೇ ಅಕ್ಕ," ಎಂದೆ.

ಅವಳು ಬಿಕ್ಕಿದಳು. ಎಂದೂ ಅತ್ತವಳಲ್ಲ ಅವಳು. "ಹಾಳಾದೋಳೇ, ನಿನ್ನ ಮುಖ ನೋಡೋಕಾಗ್ಲಿಲ್ಲ ನಂಗೆ. ನನ್ನ ಮುಖನೂ ನೋಡ್ಕೊಳೋಕಾಗ್ಲಿಲ್ಲ. ಅದಕ್ಕೇ ಒಬ್ಬಳೇ ಬಂದೆ. ಹತ್ತಲ್ಲ ಅಂದ್ಕೊಂಡಿದ್ದೆ. ಹತ್ತಿಬಿಡ್ತು. ಹತ್ತಿದ ಮೇಲೆ ಹೆದರಿಕೆ ಆಯ್ತು ಕಣೇ."

ಹಾಗೆಂದವಳೇ ಎದ್ದು ಹೋಗಿ ಕಂಪ್ಯೂಟರನ್ನು ಆರಿಸಿಬಿಟ್ಟಳು! ತಲೆಯ ಮೇಲೆ ದೀಪ ಕಪ್ಪಾಯಿತು. "ಅಕ್ಕ! ತಲೆ ಕೆಟ್ಟಿದೆಯಾ? ದೋಣಿಗಳು ಹೊರಗಿವೆ! ಮತ್ತೆ ಹತ್ತದೆ ಹೋದ್ರೆ?"

"ಬೆಳಕಿದೆ ಇನ್ನೂ. ಬಾ, ಕೈ ಇಡು."

"ಬೇಕಿಲ್ಲ ಅಂದ್ಯಲ್ಲ?"

"ಬೇಕಿಲ್ಲ. ಆದ್ರೂ ಇಡು."

ಬೆರಳಿಟ್ಟೆ. ಅವಳು ಈ ಸಲ ಬೆರಳಿಡದೆ ಇಡೀ ಅಂಗೈಯನ್ನು ನನ್ನ ಕೈ ಮೇಲೆ ಇಟ್ಟಳು. ಒತ್ತಿದೆವು. ಫ್ಯಾನು ತಿರುಗಿತು. ಪರದೆ ಸ್ವಲ್ಪ ಹೊತ್ತು ಕಪ್ಪಗೇ ಇತ್ತು. ಆ ಸ್ವಲ್ಪ ಹೊತ್ತಿನಲ್ಲಿ ನಾವಿಬ್ಬರೂ ಬೇಡಿಕೊಂಡದ್ದು ಮಾತ್ರ ಒಂದೇ. ಆಮೇಲೆ ದೀಪ ಹತ್ತಿತು.

"ಇದನ್ನ ಯಾರ ಹತ್ರಾನೂ ಬಾಯಿಬಿಡ್ಬೇಡ," ಎಂದಳು ಹೊನ್ನಕ್ಕ, ಕೈ ತೆಗೆಯದೆ.

"ಒಂಟಿ ಕೈಗೆ ಹತ್ತುತ್ತೆ ಅನ್ನೋದನ್ನಾ?"

"ಅದಲ್ಲ. ನಿನ್ನೆ ಬೇಡ್ಕೊಂಡಿದ್ದನ್ನ."